ಮೊದಲ ಹೆಸರು ಮತ್ತು ಮರದ ಸೌಟು

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮ್ಮ ನಾಡಿನ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ ಕೇಳಿಬರುತ್ತದೆ. ಹುಡುಗ ಏನು ಕಲಿತ ಎಂದು ಯಾರೂ ಕೇಳುವುದಿಲ್ಲ. ಹುಡುಗಿಗೆ ಯಾವ ವಿಷಯದಲ್ಲಿ ಒಲವು ಎಂದೂ ವಿಚಾರಿಸುವುದಿಲ್ಲ. “ಎಷ್ಟನೆಯ ರ‍್ಯಾಂಕು?” ಎಂಬುದೇ ಆ ಪ್ರಶ್ನೆ. ಉತ್ತರ ಹೇಳುವವರ ಮುಖ ಅರಳಬಹುದು, ಬಾಡಬಹುದು. ಕೇಳುವವರ ಮುಖದಲ್ಲಿ ಮಾತ್ರ ಭತ್ತವನ್ನು ಕೊಳಗದಲ್ಲಿ ಅಳೆದು ಮುಗಿಸಿದ ವರ್ತಕನ ನಿಶ್ಚಿಂತೆ ಕಾಣುತ್ತದೆ. ಕಲಿತವರನ್ನು ಹೀಗೆ ಮೊದಲನೆಯವನು, ಎರಡನೆಯವನು, ನೂರನೆಯವನು ಎಂದು ಸಾಲಾಗಿ ನಿಲ್ಲಿಸುವುದು ಪ್ರಕೃತಿಯ ನಿಯಮವೋ ಎಂಬಷ್ಟು ನಮಗೆ ಸಹಜವಾಗಿಬಿಟ್ಟಿದೆ. ಆದರೆ ಈ ಪದ್ಧತಿಗೆ ಪ್ರಖ್ಯಾತವಾದ ಒಂದು ತವರುಮನೆ ಇದ್ದಿತು. ಅಲ್ಲಿ ಅದು ಬೆಳೆದು, ಮೆರೆದು, ಕೊನೆಗೆ ಆ ಮನೆಯವರಿಂದಲೇ ಬೀಳ್ಕೊಡುಗೆ ಪಡೆಯಿತೆಂದರೆ ವಾಚಕರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು.

ಆ ತವರುಮನೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯ. ಅಲ್ಲಿಯ ಗಣಿತ ಪರೀಕ್ಷೆಗೆ ‘ಟ್ರೈಪಾಸ್’ ಎಂದು ಹೆಸರು. ಈ ಗಂಭೀರವಾದ ಹೆಸರಿನ ಮೂಲ ಒಂದು ಮುಕ್ಕಾಲಿ ಪೀಠ. ಹಿಂದಿನ ಕಾಲದ ವಾದಸಭೆಗಳಲ್ಲಿ ಒಬ್ಬ ಪದವೀಧರನು ಮೂರು ಕಾಲಿನ ಪೀಠದ ಮೇಲೆ ಕುಳಿತು ಹೊಸಬರೊಡನೆ ವಿನೋದವಾಗಿ ವಾದಿಸುತ್ತಿದ್ದನು. ಪೀಠದ ಹೆಸರು ಅದರ ಮೇಲೆ ಕುಳಿತವನಿಗೆ ಬಂದಿತು. ಅವನಿಂದ ಆ ಸಂದರ್ಭದ ಲ್ಯಾಟಿನ್ ಪದ್ಯಗಳಿಗೆ ಅಂಟಿತು. ಪದ್ಯಗಳು ಅಚ್ಚಾಗುತ್ತಿದ್ದ ಕಾಗದದ ಬೆನ್ನಮೇಲೆ ಗೌರವ ಪಡೆದ ವಿದ್ಯಾರ್ಥಿಗಳ ಪಟ್ಟಿಯನ್ನು ಮುದ್ರಿಸತೊಡಗಿದಾಗ ಪಟ್ಟಿಗೆ ಸಂದಿತು. ಕಡೆಗೆ ಪರೀಕ್ಷೆಗೇ ಉಳಿಯಿತು.

ಮೊದಮೊದಲು ಅಲ್ಲಿ ಬರೆಯುವ ಪರೀಕ್ಷೆ ಇರಲಿಲ್ಲ. ನಮ್ಮ ಶಾಸ್ತ್ರಸಭೆಗಳಲ್ಲಿ ಪೂರ್ವಪಕ್ಷ, ಖಂಡನೆ, ಸಿದ್ಧಾಂತಗಳು ನಡೆಯುತ್ತಿದ್ದಂತೆ ಅಲ್ಲಿಯೂ ಒಬ್ಬ ವಿದ್ಯಾರ್ಥಿ ಒಂದು ಪ್ರಮೇಯವನ್ನು ಮುಂದಿಟ್ಟು ಲ್ಯಾಟಿನ್ ಭಾಷೆಯಲ್ಲಿ ಸಮರ್ಥಿಸಬೇಕಾಗಿತ್ತು. ಬೇರೆಯವರು ಎದ್ದು ಖಂಡಿಸಬೇಕಾಗಿತ್ತು. ಮಧ್ಯಸ್ಥರು ಕುಳಿತು ತೂಗಿನೋಡುತ್ತಿದ್ದರು. ‘ರ‍್ಯಾಂಗ್ಲರ್’ ಎಂಬ ಮಾತಿಗೆ ಮೂಲಾರ್ಥ ಜಗಳಗಂಟ, ವಾಗ್ವಾದ ಮಾಡುವವನು, ಎಂದಷ್ಟೆ. ಚೆನ್ನಾಗಿ ವಾದಿಸಿದವನಿಗೆ ಮಧ್ಯಸ್ಥರು ಹೇಳುತ್ತಿದ್ದ ಲ್ಯಾಟಿನ್ ಮೆಚ್ಚುಗೆಯ ಮಾತು ‘ಆಪ್ಟಿಮೆ’. ವಾದ ಹೋಗಿ ಬರವಣಿಗೆ ಬಂದ ಮೇಲೂ ಈ ಹೆಸರುಗಳು ಉಳಿದುಕೊಂಡವು. ಮೊದಲ ವರ್ಗದವರೆಲ್ಲ ರ‍್ಯಾಂಗ್ಲರುಗಳು, ಎರಡನೆಯ ವರ್ಗದವರು ಹಿರಿಯ ಆಪ್ಟಿಮೆಗಳು, ಮೂರನೆಯವರು ಕಿರಿಯ ಆಪ್ಟಿಮೆಗಳು. ಇವರ ಕೆಳಗೆ, ಗೌರವವಿಲ್ಲದೆ ಬರಿಯ ಪದವಿ ಪಡೆದ ದೊಡ್ಡ ಸಮೂಹಕ್ಕೆ ‘ಪೋಲ್’ ಎಂದು ಹೆಸರು. ಅದು ‘ಸಾಮಾನ್ಯ ಜನ’ ಎಂಬರ್ಥದ ಗ್ರೀಕ್ ಶಬ್ದದ ಚೂರು. ೧೮ನೆಯ ಶತಮಾನದ ನಡುಭಾಗದಿಂದ ಈ ಪಟ್ಟಿ ಒಬ್ಬೊಬ್ಬರ ಸ್ಥಾನವನ್ನೂ ಸೂಚಿಸಿ ಕ್ರಮವಾಗಿ ಅಚ್ಚಾಗತೊಡಗಿತು. ತುದಿಯಲ್ಲಿ ನಿಂತವನು ‘ಸೀನಿಯರ್ ರ‍್ಯಾಂಗ್ಲರ್’.

ಪ್ರಶ್ನೆಗೆ ಇಷ್ಟು ಅಂಕ ಎಂದು ಕೊಟ್ಟು ಕೂಡಿಸುವ ಪದ್ಧತಿಯೂ ಬಹುಮಟ್ಟಿಗೆ ಅಲ್ಲಿಯದೇ. ೧೭೭೮ರಲ್ಲಿ ಸ್ವತಃ ಸೀನಿಯರ್ ರ‍್ಯಾಂಗ್ಲರ್ ಆಗಿದ್ದ ವಿಲಿಯಂ ಫಾರಿಷ್ ಎಂಬ ಅಧ್ಯಾಪಕರು ೧೭೯೨ರಲ್ಲಿ ಇದನ್ನು ಸೂಚಿಸಿದರೆಂದು ಹೇಳುತ್ತಾರೆ. ಇಂದು ಅಂಕಗಳನ್ನು ದೂರುವುದು ಸುಲಭ. ಆದರೆ ಅದರ ಹಿಂದಿದ್ದ ಸದುದ್ದೇಶವನ್ನು ನಾವು ಮರೆಯಬಾರದು. ಬಾಯಿಮಾತಿನ ವಾದದಲ್ಲಿ ಧ್ವನಿ ದೊಡ್ಡದಿದ್ದವನು ಗೆಲ್ಲಬಹುದು. ಮಧ್ಯಸ್ಥನಿಗೆ ಪರಿಚಿತನಾದವನು, ದೊಡ್ಡ ಮನೆತನದವನು, ಪ್ರಬಲವಾದ ಕಾಲೇಜಿಗೆ ಸೇರಿದವನು ಗೆಲ್ಲಬಹುದು. ಕಾಗದದ ಮೇಲಿನ ಅಂಕಕ್ಕೆ ಇವಾವುವೂ ಕಾಣುವುದಿಲ್ಲ. ಅಂಕವು ಹುಟ್ಟಿದುದು ನ್ಯಾಯದ ತಕ್ಕಡಿಯಾಗಿ. ಅದನ್ನು ಸಿಂಹಾಸನದ ಮೇಲಿಟ್ಟವರು ಅನಂತರ ಬಂದರು.

ಸಿಂಹಾಸನಾರೋಹಣ ನಡೆದದ್ದು ೧೯ನೆಯ ಶತಮಾನದಲ್ಲಿ. ೧೮೫೪ರ ಪರೀಕ್ಷೆಯಲ್ಲಿ ೧೬ ಪ್ರಶ್ನಪತ್ರಿಕೆಗಳಿದ್ದವು. ೮ ದಿನ, ಒಟ್ಟು ನಲವತ್ತನಾಲ್ಕೂವರೆ ಗಂಟೆ ಬರೆಯಬೇಕಾಗಿತ್ತು. ಇಂಥ ಯುದ್ಧಕ್ಕೆ ಕಾಲೇಜಿನ ಪಾಠ ಸಾಲದೆ ಖಾಸಗಿ ಗುರುಗಳು ಹುಟ್ಟಿಕೊಂಡರು. ವಿಲಿಯಂ ಹಾಪ್ಕಿನ್ಸರಿಗೆ ಜನ ಇಟ್ಟ ಹೆಸರೇ ‘ಸೀನಿಯರ್ ರ‍್ಯಾಂಗ್ಲರುಗಳನ್ನು ತಯಾರಿಸುವವರು’ ಎಂದು. ಅವರ ಶಿಷ್ಯ ಎಡ್ವರ್ಡ್ ರೌತ್ ಗುರುವನ್ನೂ ಮೀರಿಸಿ ೨೫ಕ್ಕೂ ಹೆಚ್ಚು ಮಂದಿ ಸೀನಿಯರ್ ರ‍್ಯಾಂಗ್ಲರುಗಳನ್ನು ಸಿದ್ಧಪಡಿಸಿದರು. ಟ್ರಿನಿಟಿ ಮತ್ತು ಸೇಂಟ್ ಜಾನ್ಸ್ ಕಾಲೇಜುಗಳ ನಡುವೆ ಮೊದಲ ಹೆಸರಿಗಾಗಿ ಪ್ರತಿವರ್ಷವೂ ಪೈಪೋಟಿ. ಫಲಿತಾಂಶ ಓದುವ ದಿನ ಸೆನೆಟ್ ಭವನದಲ್ಲಿ ಜಾತ್ರೆಯ ಜನ. ಮರುದಿನದ ಪತ್ರಿಕೆಗಳಲ್ಲಿ ವಿಜೇತನ ಹೆಸರು. ಇಂದಿನ ತರಬೇತಿ ಕೇಂದ್ರಗಳ ಜಾಹೀರಾತುಗಳು ನಮ್ಮ ಕಾಲದ ಹೊಸ ರೋಗವೆಂದು ತಿಳಿದವರು ಈ ಇತಿಹಾಸವನ್ನು ಓದಬೇಕು. ರೋಗಕ್ಕೆ ವಯಸ್ಸಾಗಿದೆ.

ತುದಿಗೆ ಇಷ್ಟು ವೈಭವವಿದ್ದ ಮೇಲೆ ಬುಡಕ್ಕೂ ಒಂದು ಉತ್ಸವ ಬೇಡವೆ? ಗೌರವ ಪಡೆದವರ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದ್ದವನು ಪದವಿ ಪಡೆಯಲು ಮಂಡಿಯೂರಿದಾಗ, ಸಹಪಾಠಿಗಳು ಮೇಲಿನ ಮೊಗಸಾಲೆಯಿಂದ ಹಗ್ಗ ಕಟ್ಟಿ ದೊಡ್ಡದೊಂದು ಮರದ ಸೌಟನ್ನು ಅವನ ಮುಂದೆ ಇಳಿಬಿಡುತ್ತಿದ್ದರು. ಅಧಿಕಾರಿಗಳು ನಿಷೇಧಿಸಲು ನೋಡಿದರೂ ಪದ್ಧತಿ ನಿಲ್ಲಲಿಲ್ಲ. ಅದು ತಮಾಷೆಯೇ ಇರಬಹುದು. ಸೌಟನ್ನು ಹೆಮ್ಮೆಯಿಂದ ಮನೆಗೆ ಕೊಂಡೊಯ್ದವರೂ ಇದ್ದರು. ಆದರೆ ಒಂದು ವಿಷಯವನ್ನು ಗಮನಿಸಬೇಕು. ಸೌಟು ಪಡೆದವನ ಕೆಳಗೆ ಗೌರವವೇ ಇಲ್ಲದ ನೂರಾರು ಮಂದಿ ಇದ್ದರು. ಕಠಿನವಾದ ಪರೀಕ್ಷೆಯನ್ನು ದಾಟಿದವನೇ ಇಲ್ಲಿ ನಗೆಪಾಟಲಿಗೆ ಈಡಾದನು. ಅದಕ್ಕೆ ಕೂರದವನ ಗೊಡವೆಗೆ ಯಾರೂ ಹೋಗಲಿಲ್ಲ. ಸಾಲಿನ ಸ್ವಭಾವವೇ ಅದು. ಸಾಲಾಗಿ ನಿಲ್ಲಿಸಿದರೆ ಯಾರಾದರೊಬ್ಬರು ಕೊನೆಯಲ್ಲಿ ನಿಲ್ಲಲೇಬೇಕು, ಅವರು ಎಷ್ಟೇ ಬಲ್ಲವರಾಗಿದ್ದರೂ.

ಮೊದಲ ಸ್ಥಾನವಾದರೂ ನಂಬತಕ್ಕದ್ದಾಗಿತ್ತೆ? ಜಾನ್ ಹರ್ಷೆಲ್, ಸ್ಟೋಕ್ಸ್, ಕೇಲಿ, ನೆಪ್ಚೂನ್ ಗ್ರಹದ ಸ್ಥಾನವನ್ನು ಲೆಕ್ಕಹಾಕಿದ ಆಡಮ್ಸ್, ರೇಲಿ ಇವರೆಲ್ಲರೂ ಸೀನಿಯರ್ ರ‍್ಯಾಂಗ್ಲರುಗಳೇ. ಇದನ್ನು ಮರೆಮಾಚಿ ವಾದಿಸುವುದು ಸರಿಯಲ್ಲ. ಆದರೆ ಎರಡನೆಯ ಸ್ಥಾನದವರ ಪಟ್ಟಿಯನ್ನೂ ಒಮ್ಮೆ ನೋಡೋಣ. ೧೮೫೪ರ ಸೀನಿಯರ್ ರ‍್ಯಾಂಗ್ಲರ್ ಮೇಲೆ ಹೇಳಿದ ರೌತ್. ಎರಡನೆಯವರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಬೆಳಕು ವಿದ್ಯುತ್ಕಾಂತ ತರಂಗವೆಂದು ತೋರಿಸಿ ಭೌತವಿಜ್ಞಾನದ ದಿಕ್ಕನ್ನೇ ಬದಲಿಸಿದವರು ಅವರು. ೧೮೮೦ರಲ್ಲಿ ಎರಡನೆಯವರಾಗಿ ನಿಂತವರು ಮುಂದೆ ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್. ೧೮೪೫ರಲ್ಲಿ ಮೊದಲ ಸ್ಥಾನ ವಿಲಿಯಂ ಥಾಮ್ಸನ್ನರಿಗೇ, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರಿಗೇ, ಮೀಸಲೆಂದು ಎಲ್ಲರೂ ನಂಬಿದ್ದರು. ಎರಡನೆಯ ಸ್ಥಾನ ಯಾರಿಗೆ ಬಂದಿದೆ ಎಂದು ನೋಡಿಕೊಂಡು ಬರಲು ಅವರು ಸೇವಕನನ್ನು ಕಳುಹಿಸಿದರಂತೆ. ಅವನು ಹಿಂದಿರುಗಿ “ತಮಗೇ, ಸ್ವಾಮಿ” ಎಂದನಂತೆ. ಕಥೆ ನಿಜವೋ ಕಟ್ಟಿದ್ದೋ, ಫಲಿತಾಂಶವಂತೂ ನಿಜ. ಮೊದಲಿಗರಾದವರು ಸೇಂಟ್ ಜಾನ್ಸ್ ಕಾಲೇಜಿನ ಸ್ಟೀಫನ್ ಪಾರ್ಕಿನ್‌ಸನ್. ಅದೇ ವರ್ಷ ಅದೇ ಅಭ್ಯರ್ಥಿಗಳು ‘ಸ್ಮಿತ್ ಬಹುಮಾನ’ದ ಪರೀಕ್ಷೆಗೆ ಕುಳಿತರು. ಅಲ್ಲಿ ಥಾಮ್ಸನ್ ಮೊದಲಿಗರಾದರು. ಇನ್ನು ರೌತ್ ಮತ್ತು ಮ್ಯಾಕ್ಸ್‌ವೆಲ್ ಅದೇ ಬಹುಮಾನವನ್ನು ಸರಿಸಮವಾಗಿ ಹಂಚಿಕೊಂಡರು. ವ್ಯಕ್ತಿಗಳು ಅವರೇ, ಗಣಿತವೂ ಅದೇ. ಪ್ರಶ್ನಪತ್ರಿಕೆ ಬದಲಾಯಿತು, ಕ್ರಮವೂ ಬದಲಾಯಿತು.

ಈ ಅಂಕಗಳನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡವರು ಫ್ರಾನ್ಸಿಸ್ ಗಾಲ್ಟನ್. ಪ್ರತಿಭೆ ವಂಶದಿಂದ ಬರುತ್ತದೆಂದು ಸಾಧಿಸಲು ೧೮೬೯ರಲ್ಲಿ ಅವರು ಬರೆದ ಗ್ರಂಥದಲ್ಲಿ ಟ್ರೈಪಾಸಿನ ಲೆಕ್ಕವನ್ನು ಸಾಕ್ಷಿಯಾಗಿ ಕರೆದರು. ಒಟ್ಟು ೧೭,೦೦೦ ಅಂಕಗಳಲ್ಲಿ ಒಂದು ವರ್ಷದ ಸೀನಿಯರ್ ರ‍್ಯಾಂಗ್ಲರ್ ೭,೫೦೦ಕ್ಕೂ ಹೆಚ್ಚು ಪಡೆದಿದ್ದನು. ರ‍್ಯಾಂಗ್ಲರುಗಳಲ್ಲಿ ಕೊನೆಯವನಿಗೆ ಸುಮಾರು ೧,೫೦೦. ಗೌರವದ ಪಟ್ಟಿಯಲ್ಲಿ ಕೊನೆಯವನಿಗೆ ೩೦೦ಕ್ಕೂ ಕಡಮೆ. ಈ ಅಂತರವೇ ಹುಟ್ಟಿನಿಂದ ಬಂದ ಬುದ್ಧಿಶಕ್ತಿಯ ಅಂತರವೆಂದು ಅವರ ತರ್ಕ. ತಕ್ಕಡಿ ಇಲ್ಲಿ ಜಾತಕವಾಯಿತು. ವಿಚಿತ್ರವೆಂದರೆ ಗಾಲ್ಟನ್ ತಾವೇ ಕೇಂಬ್ರಿಜ್ಜಿನಲ್ಲಿ ಗಣಿತದ ಗೌರವಕ್ಕಾಗಿ ಓದುತ್ತಿದ್ದಾಗ ಒತ್ತಡವನ್ನು ತಾಳಲಾರದೆ ಮನಸ್ಸು ಕುಸಿದು, ೧೮೪೪ರಲ್ಲಿ ಸಾಮಾನ್ಯರ ‘ಪೋಲ್’ ಪದವಿಯನ್ನಷ್ಟೆ ಪಡೆದು ಹೊರಬಂದವರು. ತಮ್ಮ ಅಳತೆಗೋಲನ್ನು ತಮ್ಮ ಮೇಲೆಯೇ ಇಟ್ಟುಕೊಂಡಿದ್ದರೆ ಆ ಗ್ರಂಥದಲ್ಲಿ ಅವರಿಗೇ ಸ್ಥಳವಿರುತ್ತಿರಲಿಲ್ಲ. ಅವರು ಮುಂದೆ ಸುಪ್ರಜನನಶಾಸ್ತ್ರಕ್ಕೆ ನಾಮಕರಣ ಮಾಡಿದುದೂ, ಆ ಶಾಸ್ತ್ರದ ಹೆಸರಿನಲ್ಲಿ ೨೦ನೆಯ ಶತಮಾನದಲ್ಲಿ ನಡೆದ ಅನಾಹುತಗಳೂ ಎಲ್ಲರಿಗೂ ತಿಳಿದವೇ.

ಹಾಗಾದರೆ ಏಣಿಯನ್ನು ಮುರಿದುಹಾಕುವುದೇ ಸರಿಯೆ? ಇಲ್ಲಿ ತುಸು ತಡೆದು ನಿಲ್ಲಬೇಕಾಗುತ್ತದೆ. ಅದೇ ಏಣಿ ಬಾಗಿಲ ಹೊರಗೆ ನಿಂತವರಿಗೆ ಆಸರೆಯಾದ ಪ್ರಸಂಗಗಳೂ ಉಂಟು.

ಹೆಂಗಸರಿಗೆ ಟ್ರೈಪಾಸ್ ಪರೀಕ್ಷೆ ಬರೆಯಲು ಅಧಿಕೃತವಾಗಿ ಅವಕಾಶವಾದದ್ದು ೧೮೮೧ರಲ್ಲಿ. ಆದರೂ ಅವರಿಗೆ ಪದವಿ ಕೊಡುತ್ತಿರಲಿಲ್ಲ. ಅವರ ಹೆಸರುಗಳನ್ನು ಗಂಡಸರ ಪಟ್ಟಿಯಲ್ಲಿ ಸೇರಿಸುತ್ತಲೂ ಇರಲಿಲ್ಲ. ಪುರುಷರ ಪಟ್ಟಿಯನ್ನು ಓದಿ ಮುಗಿಸಿದ ಮೇಲೆ, ಇಂಥ ಹುಡುಗಿ ಇಂಥವನ ಮತ್ತು ಇಂಥವನ ನಡುವೆ, ಎಂದು ಬೇರೆಯಾಗಿ ಸಾರುತ್ತಿದ್ದರು. ೧೮೯೦ರ ಜೂನ್ ತಿಂಗಳಲ್ಲಿ ನ್ಯೂನಂ ಕಾಲೇಜಿನ ಫಿಲಿಪಾ ಫಾಸೆಟ್ ಎಂಬಾಕೆಯ ಸರದಿ ಬಂದಿತು. ಆಕೆಯನ್ನು ಯಾರಿಬ್ಬರ ನಡುವೆಯೂ ಇಡಲಾಗಲಿಲ್ಲ. ‘ಸೀನಿಯರ್ ರ‍್ಯಾಂಗ್ಲರಿಗಿಂತ ಮೇಲೆ’ ಎಂದು ಪರೀಕ್ಷಕರು ಓದಬೇಕಾಯಿತು. ಸಭೆಯ ಹರ್ಷೋದ್ಗಾರದಲ್ಲಿ ಉಳಿದ ಹೆಸರುಗಳು ಕೇಳಿಸದೆ ಹೋದವಂತೆ. ಹೆಣ್ಣಿಗೆ ಗಣಿತ ಒಲಿಯದು ಎಂದು ವಾದಿಸುತ್ತಿದ್ದವರಿಗೆ ಅದಕ್ಕಿಂತ ಚಿಕ್ಕದಾದ, ಅದಕ್ಕಿಂತ ಪ್ರಬಲವಾದ ಉತ್ತರ ಇನ್ನೊಂದಿರಲಾರದು. ವರ್ಗಗಳಷ್ಟೆ ಇದ್ದು ಸ್ಥಾನಗಳಿಲ್ಲದಿದ್ದರೆ ಈ ಉತ್ತರವನ್ನು ಕೊಡಲು ಆಗುತ್ತಿರಲಿಲ್ಲ. ಆದರೆ ಮುಂದಿನದನ್ನೂ ಕೇಳಿ. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಹೆಂಗಸರಿಗೆ ಪೂರ್ಣ ಪದವಿಯನ್ನು ಕೊಡತೊಡಗಿದುದು ೧೯೪೮ರಲ್ಲಿ. ಫಾಸೆಟ್ ತೀರಿಕೊಂಡುದೂ ಅದೇ ವರ್ಷ. ಅಂಕವು ಸತ್ಯವನ್ನು ಸಾರಿದ ಮೇಲೆ ಅದಕ್ಕೆ ಮನುಷ್ಯರು ಬಾಗಿಲು ತೆರೆಯಲು ಐವತ್ತೆಂಟು ವರ್ಷಗಳು ಬೇಕಾದವು.

ಎರಡನೆಯ ಪ್ರಸಂಗ ನಮ್ಮ ನೆರೆಯದು. ಕೇಂಬ್ರಿಜ್ಜಿನಲ್ಲಿ ರ‍್ಯಾಂಗ್ಲರ್ ಆದ ಮೊದಲ ಭಾರತೀಯರು ಬಂಗಾಳದ ಆನಂದಮೋಹನ ಬೋಸರು, ೧೮೭೪ರಲ್ಲಿ. ಇಪ್ಪತ್ತೈದು ವರ್ಷಗಳ ಅನಂತರ, ೧೮೯೯ರಲ್ಲಿ, ರತ್ನಾಗಿರಿ ಜಿಲ್ಲೆಯ ಮುರ್ಡಿ ಎಂಬ ಹಳ್ಳಿಯಿಂದ ಹೋದ ರಘುನಾಥ ಪುರುಷೋತ್ತಮ ಪರಾಂಜಪೆಯವರು ಇನ್ನೊಬ್ಬರೊಡನೆ ಸರಿಸಮವಾಗಿ ಸೀನಿಯರ್ ರ‍್ಯಾಂಗ್ಲರ್ ಆದರು. ಆಳುವವರು ಆಳಿಸಿಕೊಳ್ಳುವವರ ಬುದ್ಧಿಯನ್ನೇ ಶಂಕಿಸುತ್ತಿದ್ದ ಕಾಲ ಅದು. ಈ ಒಂದು ಸುದ್ದಿಯಿಂದ ದೇಶದ ಎದೆ ಉಬ್ಬಿತು. ಪರಾಂಜಪೆಯವರು ದೊಡ್ಡ ಸರ್ಕಾರಿ ಹುದ್ದೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಕೊಟ್ಟ ಮಾತಿನಂತೆ ಹಿಂದಿರುಗಿ, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಅಲ್ಪ ವೇತನಕ್ಕೆ ಅಧ್ಯಾಪಕರಾಗಿ, ೧೯೦೨ರಿಂದ ಬಹುಕಾಲ ಅಲ್ಲಿಯ ಪ್ರಾಂಶುಪಾಲರಾಗಿದ್ದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ೧೯೧೭ರಲ್ಲಿ ಆರಂಭವಾಗುವ ಮೊದಲು ಉತ್ತರದ ಕನ್ನಡ ಜಿಲ್ಲೆಗಳ ಹುಡುಗರು ಪದವಿಗಾಗಿ ಪುಣೆಯ ದಾರಿ ಹಿಡಿಯುತ್ತಿದ್ದುದು ವಾಡಿಕೆ. ಧಾರವಾಡದಿಂದ ಹಾಗೆ ಹೋಗಿ ೧೯೧೮ರಲ್ಲಿ ಫರ್ಗ್ಯೂಸನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದವರಲ್ಲಿ ದ. ರಾ. ಬೇಂದ್ರೆಯವರೂ ಒಬ್ಬರು. ಬೇಂದ್ರೆಯವರ ಪದವಿಯ ವರ್ಗ ಯಾವುದು ಎಂದು ಇಂದು ಯಾರು ಕೇಳುತ್ತಾರೆ? ಪರಾಂಜಪೆಯವರ ಹೆಸರು ಉಳಿದಿರುವುದಾದರೂ ೧೮೯೯ರ ಆ ಒಂದು ಸ್ಥಾನದಿಂದ ಮಾತ್ರವಲ್ಲ. ಸ್ಥಾನವನ್ನು ಪಡೆದು ಬಂದು ಮುಂದೆ ಸಲ್ಲಿಸಿದ ದೀರ್ಘಸೇವೆಯಿಂದ ಅದು ಉಳಿದಿದೆ.

ಇಷ್ಟರಲ್ಲಿ ಕೇಂಬ್ರಿಜ್ಜಿನಲ್ಲಿಯೇ ಅಸಮಾಧಾನ ಬೆಳೆಯುತ್ತಿತ್ತು. ಯುರೋಪಿನ ಇತರ ದೇಶಗಳಲ್ಲಿ ರೀಮಾನ್, ವೈಯರ್‌ಸ್ಟ್ರಾಸ್ ಮೊದಲಾದವರು ಹೊಸ ಗಣಿತವನ್ನು ಕಟ್ಟುತ್ತಿದ್ದಾಗ, ಇಲ್ಲಿಯ ಅತ್ಯುತ್ತಮ ತರುಣರು ಗಡಿಯಾರವನ್ನು ನೋಡುತ್ತ ಹಳೆಯ ಲೆಕ್ಕಗಳನ್ನು ವೇಗವಾಗಿ ಬಿಡಿಸುವ ಚಮತ್ಕಾರದಲ್ಲಿ ಯೌವನವನ್ನು ಕಳೆಯುತ್ತಿದ್ದರು. ಇದನ್ನು ತೀವ್ರವಾಗಿ ಖಂಡಿಸಿದವರಲ್ಲಿ ಜಿ. ಎಚ್. ಹಾರ್ಡಿ ಪ್ರಮುಖರು. ಅವರೂ ಆ ಏಣಿಯನ್ನು ಹತ್ತಿದವರೇ. ೧೮೯೮ರಲ್ಲಿ ನಾಲ್ಕನೆಯ ರ‍್ಯಾಂಗ್ಲರ್. ನಿಜವಾದ ಗಣಿತ ಯಾವುದೆಂಬುದು ತಮಗೆ ತಿಳಿದದ್ದು ಫ್ರಾನ್ಸಿನ ಜೋರ್ಡಾನರ ಗ್ರಂಥವನ್ನು ಓದಿದ ಮೇಲೆ ಎಂದು ಅವರು ಹೇಳಿಕೊಂಡಿದ್ದಾರೆ. ಕೊನೆಗೆ ಸುಧಾರಣಾವಾದಿಗಳ ಪಕ್ಷ ಗೆದ್ದಿತು. ೧೯೦೯ರ ಪಟ್ಟಿಯೇ ಸ್ಥಾನಕ್ರಮದ ಕೊನೆಯ ಪಟ್ಟಿಯಾಯಿತು. ಆ ವರ್ಷದ ಮರದ ಸೌಟು ಸಂದದ್ದು ಸೇಂಟ್ ಜಾನ್ಸ್ ಕಾಲೇಜಿನ ಹೋಲ್ಟ್‌ಹೌಸ್ ಎಂಬ ದೋಣಿಪಟುವಿಗೆ. ದೋಣಿಯ ಹುಟ್ಟಿನಿಂದಲೇ ಮಾಡಿದ, ಆಳೆತ್ತರದ ಆ ಸೌಟನ್ನು ಅವನು ನಗುನಗುತ್ತ ಹಿಡಿದು ನಿಂತ ಛಾಯಾಚಿತ್ರವಿದೆ. ಹಾರ್ಡಿಯವರಿಗೆ ಇದೂ ಸಾಕಾಗಲಿಲ್ಲ. ೧೯೨೬ರ ಒಂದು ಭಾಷಣದಲ್ಲಿ, ಈ ಪರೀಕ್ಷೆಯನ್ನು ತಿದ್ದುವುದಲ್ಲ, ಇಲ್ಲವಾಗಿಸುವುದೇ ತಮ್ಮ ಇಚ್ಛೆಯೆಂದು ಸಾರಿದರು.

ಆದರೆ ಪರೀಕ್ಷೆ ಇಲ್ಲವಾಗಲಿಲ್ಲ, ವರ್ಗಗಳೂ ಉಳಿದವು. ಹೋದದ್ದು ಸಾಲು ಮಾತ್ರ. ೧೯೧೦ರಿಂದ ಮುಂದೆ ರ‍್ಯಾಂಗ್ಲರುಗಳ ಹೆಸರುಗಳು ಅಕ್ಷರಾನುಕ್ರಮದಲ್ಲಿ ಅಚ್ಚಾದವು. ಗೋಕಾಕ ತಾಲ್ಲೂಕಿನ ಮಮದಾಪುರದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ರ‍್ಯಾಂಗ್ಲರ್ ಆದುದು ಈ ಹೊಸ ಪದ್ಧತಿಯಲ್ಲಿಯೇ. ಅವರು ಎಷ್ಟನೆಯವರೆಂದು ಪಟ್ಟಿ ಹೇಳಲಿಲ್ಲ. ಇದರಿಂದ ಅವರಿಗೆ ಏನೂ ಕೊರತೆಯಾಗಲಿಲ್ಲ. ೧೯೫೪ರಿಂದ ೧೯೬೭ರವರೆಗೆ ಅವರು ಕುಲಪತಿಗಳಾಗಿ ಕಟ್ಟಿ ಬೆಳೆಸಿದ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಇಂದಿಗೂ ಗುಡ್ಡದ ಮೇಲೆ ನಿಂತು ಆ ಮಾತಿಗೆ ಸಾಕ್ಷಿ ಹೇಳುತ್ತಿದೆ.

ಸಾಲನ್ನು ಅಳಿಸಿದ ನಾಲ್ಕು ವರ್ಷಗಳಿಗೆ, ೧೯೧೩ರಲ್ಲಿ, ಹಾರ್ಡಿಯವರ ಮೇಜಿಗೆ ಮದರಾಸಿನಿಂದ ಒಂದು ಕಾಗದ ಬಂದಿತು. ಬರೆದವನು ಬಂದರು ಕಚೇರಿಯ ಗುಮಾಸ್ತ. ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡು, ಮದರಾಸಿನ ಕಾಲೇಜಿಗೆ ಸೇರಿಯೂ ಎಫ್.ಎ. ಪರೀಕ್ಷೆಯನ್ನು ದಾಟಲಾಗದೆ ನಿಂತವನು. ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳು ಅವನನ್ನು ಕೆಳಕ್ಕೆಳೆದಿದ್ದವು. ಶ್ರೀನಿವಾಸ ರಾಮಾನುಜನ್ ಎಂಬ ಈ ತರುಣ ಯಾವ ಪಟ್ಟಿಯ ಮೊದಲಲ್ಲಿಯೂ ಇರಲಿಲ್ಲ, ಕೊನೆಯಲ್ಲಿಯೂ ಇರಲಿಲ್ಲ. ಪಟ್ಟಿಗಳ ಹೊರಗೇ ಇದ್ದನು. ನಾಲ್ಕನೆಯ ರ‍್ಯಾಂಗ್ಲರು ಆ ಕಾಗದವನ್ನು ಓದಿದರು. ಕಾಗದದ ಮೇಲೆ ಅಂಕಗಳಿರಲಿಲ್ಲ, ಪ್ರಮೇಯಗಳಿದ್ದವು. ಅವನ್ನು ಪರಿಶೀಲಿಸಿದರು, ಸಹೋದ್ಯೋಗಿ ಲಿಟಲ್‌ವುಡ್ಡರಿಗೂ ತೋರಿಸಿದರು. ೧೯೧೪ರಲ್ಲಿ ಅವನನ್ನು ಟ್ರಿನಿಟಿ ಕಾಲೇಜಿಗೆ ಕರೆಸಿಕೊಂಡರು. ೧೯೧೬ರಲ್ಲಿ ಸಂಶೋಧನೆಯ ಆಧಾರದ ಮೇಲೆಯೇ ಕೇಂಬ್ರಿಜ್ ಅವನಿಗೆ ಪದವಿ ಕೊಟ್ಟಿತು. ೧೯೧೮ರಲ್ಲಿ ರಾಯಲ್ ಸೊಸೈಟಿ ಅವನನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತು. ಕೊಳಗದಿಂದ ಕಾಳನ್ನು ಅಳೆಯಬಹುದು. ಕಾಳಿನೊಳಗಿನ ಮೊಳಕೆಯನ್ನು ಕಾಣಬೇಕಾದರೆ ಒಬ್ಬ ಮನುಷ್ಯನೇ ಕುಳಿತು, ಕೈಯಲ್ಲಿ ಹಿಡಿದು ನೋಡಬೇಕಾಗುತ್ತದೆ.

ನಮ್ಮಲ್ಲಿ ಈಗ ಏನಾಗಿದೆ? ವಿಶ್ವವಿದ್ಯಾನಿಲಯಗಳು ಅಂಕಗಳ ಬದಲು ಅಕ್ಷರಗಳಿಂದ ಸೂಚಿಸುವ ಹತ್ತು ಅಂಶಗಳ ಶ್ರೇಣಿಪದ್ಧತಿಯನ್ನು ತಂದಿವೆ. ಹತ್ತಿರ ಹತ್ತಿರ ಇರುವವರನ್ನು ಒಂದೇ ವರ್ಗದಲ್ಲಿ ಕೂಡಿಸುವುದು, ಅಲ್ಪ ವ್ಯತ್ಯಾಸಕ್ಕೆ ಅಧಿಕ ಅರ್ಥ ಕೊಡದಿರುವುದು ಅದರ ಉದ್ದೇಶ. ಆದರೆ ನಾವು ಬಿಡುವವರೆ? ಆ ಶ್ರೇಣಿಯ ದಶಮಾಂಶ ಬಿಂದುವಿನಾಚೆಗೂ ಇಣುಕಿ ನೋಡಿ, ಅಲ್ಲಿಂದಲೇ ಮತ್ತೆ ರ‍್ಯಾಂಕನ್ನು ಹೆಕ್ಕಿ ತೆಗೆಯುತ್ತೇವೆ. ಮೊದಲಿಗರ ಭಾವಚಿತ್ರಗಳು ಊರಿನ ವೃತ್ತಗಳಲ್ಲಿ ಆಳೆತ್ತರ ನಿಲ್ಲುತ್ತವೆ. ಅದೇ ವಾರದ ಪತ್ರಿಕೆಗಳ ಒಳಪುಟಗಳಲ್ಲಿ, ಎರಡು ಮೂರು ಸಾಲುಗಳಲ್ಲಿ, ಫಲಿತಾಂಶವನ್ನು ಎದುರಿಸಲಾರದೆ ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿಯೂ ಬರುತ್ತದೆ. ಎರಡೂ ಒಂದೇ ಸಾಲಿನ ಎರಡು ತುದಿಗಳು. ಕೇಂಬ್ರಿಜ್ಜಿನ ಹುಡುಗ ಸೌಟನ್ನು ಹಿಡಿದು ನಗಬಲ್ಲವನಾಗಿದ್ದನು. ಅವನ ಮುಂದೆ ಬೇರೆ ದಾರಿಗಳಿದ್ದವು. ನಮ್ಮ ಮಕ್ಕಳಿಗೆ ನಾವು ಎಷ್ಟು ದಾರಿಗಳನ್ನು ತೋರಿಸಿದ್ದೇವೆ?

ಪರೀಕ್ಷೆ ಬೇಡ, ಅಂಕ ಬೇಡ ಎಂದು ಹೇಳುವವನು ನಾನಲ್ಲ. ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಬದುಕುವ ಅಧ್ಯಾಪಕನಿಗೆ ಆ ವೈರಾಗ್ಯ ಸಲ್ಲದು. ಬಡವನ ಮಗನಿಗೆ, ಹೇಳುವವರು ಕೇಳುವವರು ಇಲ್ಲದ ಹಳ್ಳಿಯ ಹುಡುಗಿಗೆ ಇಂದಿಗೂ ಅಂಕಪಟ್ಟಿಯೇ ಶಿಫಾರಸು ಪತ್ರ. ಅದನ್ನು ಅವರಿಂದ ಕಿತ್ತುಕೊಳ್ಳುವುದು ಅನ್ಯಾಯ. ಬಾಗಿಲನ್ನು ತೆರೆಯುವವರೆಗೆ ಅಂಕ ಬೇಕು. ಬಾಗಿಲನ್ನು ದಾಟಿದವರ ಹಣೆಯ ಮೇಲೆ ಅದನ್ನು ಬರೆಯಬೇಕಾಗಿಲ್ಲ.

ನಮ್ಮ ಹಳೆಯ ಕಾಲೇಜುಗಳ ಮೊಗಸಾಲೆಗಳಲ್ಲಿ ಗೌರವ ಫಲಕಗಳಿರುತ್ತವೆ. ಕಪ್ಪು ಹಲಗೆಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ವರ್ಷಕ್ಕೊಂದು ಹೆಸರು. ಮುಂದಿನ ಬಾರಿ ಅದಕ್ಕೆ ಬಣ್ಣ ಹಚ್ಚಿಸುವಾಗ ಪ್ರಾಂಶುಪಾಲರು ಒಂದು ಕೆಲಸ ಮಾಡಬಹುದು. ಪ್ರಥಮ ವರ್ಗದಲ್ಲಿ ಬಂದವರೆಲ್ಲರ ಹೆಸರನ್ನೂ ಅಕ್ಷರಾನುಕ್ರಮದಲ್ಲಿ ಬರೆಸಬಹುದು. ಹಲಗೆ ತುಸು ಅಗಲವಾಗಬೇಕಾದೀತು; ಖರ್ಚು ಹೆಚ್ಚೇನೂ ಆಗಲಾರದು. ಸಂಜೆ ಮನೆಗೆ ಬಂದ ಮಗನನ್ನೋ ಮಗಳನ್ನೋ ತಂದೆತಾಯಿಗಳೂ ಆ ಹಳೆಯ ಪ್ರಶ್ನೆಯನ್ನು ಬಿಟ್ಟು, “ಈ ವರ್ಷ ಓದಿದುದರಲ್ಲಿ ನಿನಗೆ ಬಹಳ ಇಷ್ಟವಾದುದು ಯಾವುದು?” ಎಂದು ಕೇಳಿನೋಡಲಿ. ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯಬೇಕಾಗಬಹುದು. ಮಕ್ಕಳಿಗೆ ಆ ಪ್ರಶ್ನೆ ಅಭ್ಯಾಸವಿಲ್ಲ.